ಗಾಯರಾಣದ ತಗಚಿ

ತಗಚಿಯ ಎಳೆ ಸೊಪ್ಪಿನ ಪಲ್ಯವನ್ನು ನಾನೂ ತಿಂದಿದ್ದೇನೆ, ರುಚಿ ಕೆಟ್ಟದ್ದಲ್ಲ. ಮೃಗಶಿರಾ ಮಳೆ ಬಿದ್ದ ಎಂಟು ದಿನಕ್ಕೆ ಅದು ನೆಲ ಬಿಟ್ಟು ಮೇಲೇಳುತ್ತದೆ. ಹೆಂಗಸರು ಉಡಿ ತುಂಬ ಚಿವುಟಿಕೊಂಡು ಬಂದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ರೊಟ್ಟಿಯ ಜೊತೆ ಬಡಿಸುತ್ತಾರೆ. ಅದರ ಕಥೆ ಅಲ್ಲಿಗೇ ಮುಗಿದಿದ್ದರೆ ನನಗೂ ಅದಕ್ಕೂ ಜಗಳವೇ ಇರುತ್ತಿರಲಿಲ್ಲ. ಆದರೆ ತಿಂಗಳೊಪ್ಪತ್ತಿನಲ್ಲಿ ಅದು ಮೊಣಕಾಲು ದಾಟುತ್ತದೆ, ನಾತ ಹಿಡಿಯುತ್ತದೆ. ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಆಮೇಲೆ ಹಳದಿ ಹೂ, ಹೂವಿನ ಹಿಂದೆ ಉದ್ದುದ್ದ ಕಾಯಿ, ಕಾಯಿ ಒಡೆದು ಕಲ್ಲಿನಷ್ಟು ಗಟ್ಟಿಯಾದ ಬೀಜ. ಆ ಬೀಜ ಎಷ್ಟು ವರ್ಷ ಮಣ್ಣಲ್ಲಿ ಮಲಗಿದ್ದು ಏಳುತ್ತದೆಯೋ ಶಿವನೇ ಬಲ್ಲ.

ನಾನು ಸೊಸೆಯಾಗಿ ಬಂದ ಊರು ಘೋಡಗೇರಿಯಿಂದ ಒಂದು ಹರದಾರಿ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಗಂಡ ಗೋಕಾವಿಯ ಕಡೆ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದರು, ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಹೊಲ ಒಂದು ಗೇಣೂ ಇರಲಿಲ್ಲ. ಮನೆಯಲ್ಲಿ ಇದ್ದವರು ಮೂವರು: ಹಲ್ಲಿಲ್ಲದ ಅತ್ತೆ, ನಾನು, ನನ್ನ ಆಕಳು. ಆಕಳನ್ನು ಮೂವರಲ್ಲಿ ಸೇರಿಸಿದ್ದಕ್ಕೆ ನಗುವವರು ನಗಲಿ. ಕೌಜಲಗಿಯ ನನ್ನ ತವರಿನಿಂದ ಹೊರಟ ದಿನ ಅವ್ವ ಅದನ್ನು ಕರುವಾಗಿದ್ದಾಗಲೇ ನನ್ನ ಜೊತೆ ಕಳಿಸಿದ್ದಳು. ಆಮೇಲೆ ಅವ್ವ ಬಹಳ ದಿನ ಬದುಕಲಿಲ್ಲ. ಅತ್ತೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿಯೇ ತಿನ್ನಬೇಕು. ಒಲೆಗೆ ಅದರ ಸಗಣಿಯ ಕುಳ್ಳು. ನಾನು ಕೂಲಿಯಿಂದ ತಿರುಗಿ ಬರುವಾಗ ದೂರದಿಂದಲೇ ನನ್ನ ಹೆಜ್ಜೆ ಗುರುತಿಸಿ ಕೂಗುತ್ತಿದ್ದದ್ದು ಅದೊಂದೇ.

ಹೊಲವಿಲ್ಲದವರ ದನ ಬದುಕುವುದು ಗಾಯರಾಣದ ಮೇಲೆ. ಗಾಯರಾಣವೆಂದರೆ ಊರ ದನ ಮೇಯಲೆಂದು ಹಿರಿಯರು ಬಿಟ್ಟ ನೆಲ, ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. ನಮ್ಮ ಊರಿನದು ಊರ ಮೂಡಣಕ್ಕಿತ್ತು, ನಡುವೆ ಒಂದು ಕಲ್ಲು ದಿಬ್ಬ. ನಾನು ಬಂದ ವರ್ಷ ಅಲ್ಲಿ ದನ ಮಲಗಿದರೆ ಬೆನ್ನಷ್ಟೇ ಕಾಣುವಷ್ಟು ಹುಲ್ಲು ಇರುತ್ತಿತ್ತು. ವರ್ಷ ವರ್ಷ ದನ ಹೆಚ್ಚಾದವು. ಹುಲ್ಲು ತೆನೆ ಬಿಡುವ ಮೊದಲೇ ಬಾಯಿ ಬೀಳುತ್ತಿತ್ತು. ತಗಚಿಯನ್ನು ಮಾತ್ರ ಯಾವ ದನವೂ ಮುಟ್ಟಲಿಲ್ಲ. ಹೀಗೆ ನಮ್ಮ ದನಗಳೇ ಹುಲ್ಲನ್ನು ತಿಂದು ತಿಂದು ತಗಚಿಗೆ ಜಾಗ ಮಾಡಿಕೊಟ್ಟವು. ಆರೇಳು ವರ್ಷದಲ್ಲಿ ಶ್ರಾವಣ ಬಂತೆಂದರೆ ಗಾಯರಾಣ ಈ ತುದಿಯಿಂದ ಆ ತುದಿಯವರೆಗೆ ಹಸಿರೋ ಹಸಿರು. ಹೊರಗಿನವರು ನೋಡಿ ಎಂಥ ಸಮೃದ್ಧಿ ಎನ್ನುತ್ತಿದ್ದರು. ನಮ್ಮ ದನ ಸಂಜೆ ಖಾಲಿ ಹೊಟ್ಟೆಯಲ್ಲಿ ಮನೆಗೆ ಬರುತ್ತಿದ್ದವು.

ಒಂದು ಬೇಸಿಗೆ ಚಾವಡಿಯಲ್ಲಿ ಠರಾವಾಯಿತು ಎಂದು ಸುದ್ದಿ ಬಂತು. ದೀಪಾವಳಿ ಮುಗಿದ ಮೇಲೆ ಗಾಯರಾಣಕ್ಕೆ ನೇಗಿಲು ಹೂಡುವುದು, ಎತ್ತು ಇದ್ದವರು ಹಂಚಿಕೊಂಡು ಬಿತ್ತುವುದು. ಎತ್ತು ಇಲ್ಲದವರ ಮಾತು ಯಾರೂ ಎತ್ತಿರಲಿಲ್ಲ. ಅತ್ತೆಗೆ ಹೇಳಿದರೆ ಕಾಲಿಗೆ ಅಡ್ಡ ಬೀಳುತ್ತಾರೆಂದು ಹೇಳದೆಯೇ ಚಾವಡಿಗೆ ನಡೆದೆ. ಸೊಸೆಯಾದವಳು ಅಲ್ಲಿಗೆ ಹೋಗುವ ರೂಢಿ ಇರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಕಟ್ಟೆಯ ಕೆಳಗೆ ನಿಂತೆ. ಗೌಡರು ಎಲೆಗೆ ಸುಣ್ಣ ಹಚ್ಚುತ್ತ, "ಏನವ್ವಾ?" ಎಂದರು.

"ಗೌಡ್ರ, ಗಾಯರಾಣಕ್ಕ ನೇಗಿಲ ಹೂಡಬ್ಯಾಡ್ರಿ. ಅದು ಹೋದ್ರ ನನ್ನ ಆಕಳ ಎಲ್ಲಿ ಮೇಯ್ಬೇಕ್ರಿ?"

"ಈಗೇನ ಮೇಯಾಕತ್ತೈತಿ? ತಗಚಿ ಬಿಟ್ರ ಅಲ್ಲಿ ಏನೈತಿ?"

"ತಗಚಿ ತಗೀತೇವ್ರಿ. ಎರಡ ಮಳಿಗಾಲ ತಡೀರಿ."

"ಯಾರ ತಗೀತಾರವ್ವಾ? ಮಳಿಗಾಲದಾಗ ಎಲ್ಲಾರೂ ಹೊಲದಾಗ ಇರ್ತಾರ. ನೀ ಒಬ್ಬಾಕಿ ತಗೀತಿಯೇನ?"

ಸುತ್ತ ಕೂತವರು ನಕ್ಕರು. ನಕ್ಕಿದ್ದೇ ತಪ್ಪಾಯಿತು. ನಗದಿದ್ದರೆ ನಾನು ಅತ್ತು ಮನೆಗೆ ಹೋಗುತ್ತಿದ್ದೆನೇನೋ.

"ಸೋಮವಾರ ಯಾರೂ ಹೊಲದಾಗ ಇರಂಗಿಲ್ಲಲ್ರಿ?" ಎಂದೆ.

ನಮ್ಮ ಕಡೆ ಎತ್ತು ಎಂದರೆ ಸಾಕ್ಷಾತ್ ಬಸವಣ್ಣ. ಸೋಮವಾರ ಅವನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಎತ್ತು ಮೈತೊಳೆಸಿಕೊಂಡು ನೆರಳಲ್ಲಿ ಮಲಗಿರುತ್ತದೆ, ಎತ್ತಿನ ಧಣಿ ಕಟ್ಟೆಯ ಮೇಲೆ ಮಲಗಿರುತ್ತಾನೆ. ನನ್ನ ಮಾತಿಗೆ ಒಬ್ಬ ಮುದುಕರು ಸಿಡಿಮಿಡಿಗೊಂಡು, "ಸೋಮವಾರ ಬಸವಣ್ಣನ ವಾರ. ಅವತ್ತ ದುಡಿದ್ರ ಪಾಪ ಬರ್ತೈತಿ" ಎಂದರು.

"ಸೂಟಿ ಇರೂದು ಎತ್ತಿಗ್ರಿ ಅಜ್ಜಾರ, ನಿಮಗಲ್ಲ. ವಾರದಾಗ ಆರು ದಿನ ಅವು ನಿಮ್ಮ ಹೊಟ್ಟಿಗೆ ದುಡೀತಾವ. ಒಂದು ದಿನ ನೀವು ಅವುಗಳ ಹೊಟ್ಟಿಗೆ ದುಡೀರಿ."

ಯಾರೂ ನಗಲಿಲ್ಲ. ಗೌಡರು ಎಲೆ ಮಡಚಿ ಬಾಯಿಗಿಟ್ಟುಕೊಂಡು ಅಗಿದರು. ಆಮೇಲೆ ಹೇಳಿದರು: "ಎರಡ ಮಳಿಗಾಲ. ಮೂರನೇದ ಕೇಳಬ್ಯಾಡ."

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಅತ್ತೆಗೆ ಮುಟ್ಟಿತ್ತು. ಮೂರು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಆಕಳ ಜೊತೆ ಮಾತಾಡುತ್ತ, ನನಗೆ ಹೇಳಬೇಕಾದ್ದನ್ನೆಲ್ಲ ಅದಕ್ಕೇ ಹೇಳಿದರು.

ಆ ವರ್ಷ ಆಷಾಢದ ನಡುವಿನ ಒಂದು ಸೋಮವಾರ ಮನೆಗೊಬ್ಬರಂತೆ ಜನ ಬಂದರು. ಕೆಲವರು ಕೆಲಸಕ್ಕೆ, ಕೆಲವರು ತಮಾಷೆ ನೋಡಲು. ಹಗ್ಗ ಹಿಡಿದು ಗಾಯರಾಣವನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿದೆವು, ಮನೆಗೊಂದು ಪಟ್ಟಿ. ದಿಬ್ಬದ ಪಕ್ಕದ್ದು ನನ್ನ ಪಾಲಿಗೆ ಬಂತು. ಬೇರು ಸಮೇತ ಕೀಳುವುದು, ಕಿತ್ತದ್ದನ್ನು ಗುಡ್ಡೆ ಹಾಕುವುದು. ಒಕ್ಕಲುತನದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಸವನ್ನು ಬೇರು ಬಿಟ್ಟು ಕಿತ್ತವನು ಅರ್ಧ ಸೋಮಾರಿ ಎಂದು ನಮ್ಮವರು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವರು. ಮಳೆಯಲ್ಲಿ ನೆಂದ ಮಣ್ಣು, ಎಳೆದರೆ ಬೇರು ಸಲೀಸಾಗಿ ಮೇಲೆ ಬರುತ್ತಿತ್ತು. ಸಂಜೆಗೆ ಕೈ ಹಸಿರು, ಸೊಂಟ ಸತ್ತು ಹೋಗಿತ್ತು, ಆದರೂ ತೆರವಾದ ಕೆಂಪು ನೆಲ ನೋಡಿ ನನ್ನ ಎದೆ ಉಬ್ಬಿತ್ತು.

ನನ್ನ ಬದಿಯ ಪಟ್ಟಿ ಜೈನರ ಮನೆಯದು. ಅವರ ಮನೆಯ ಹಿರಿ ಸೊಸೆಯೇ ಬಂದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕಾರ ಎನ್ನುತ್ತಿದ್ದೆ. ತವರು ಕೊಲ್ಲಾಪುರದ ಕಡೆಯದಾದ್ದರಿಂದ ಮಾತಿನ ನಡುವೆ ಮರಾಠಿ ಬರುತ್ತಿತ್ತು. ಅವರು ಒಂದು ಗಿಡವನ್ನೂ ಕೀಳಲಿಲ್ಲ. ಕುಡಗೋಲು ಹಿಡಿದು, ಬಗ್ಗಿ, ನೆಲದಿಂದ ಎರಡು ಬೆರಳು ಮೇಲೆ ಕೊಯ್ದು ಕೊಯ್ದು ಇಡುತ್ತಿದ್ದರು.

"ಅಕ್ಕಾರ, ತಗಚಿಗೆ ಕ್ಷೌರ ಮಾಡಾಕತ್ತೀರೇನ್ರಿ? ಬೇರು ಕೀಳ್ರಿ" ಎಂದೆ.

"ಚಾತುರ್ಮಾಸ ಬಂತು ತಂಗಿ. ಬೇರು ಕಿತ್ರ ಮಣ್ಣಾಗಿನ ಜೀವ ಸಾಯ್ತಾವ. ನಾ ಮ್ಯಾಲಷ್ಟ ಕೊಯ್ತೇನಿ" ಎಂದರು ಶಾಂತವಾಗಿ.

ಜೈನರು ಮಳೆಗಾಲದ ಆ ನಾಲ್ಕು ತಿಂಗಳು ಹುಳಹುಪ್ಪಡಿಗೆ ಹಿಂಸೆಯಾಗದಂತೆ ಎಚ್ಚರದಿಂದ ಇರುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಸಿಟ್ಟು ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಕೆಲಸ ಎಂದುಕೊಂಡೆ.

ಮೂರು ಸೋಮವಾರ ಹೀಗೆ ನಡೆಯಿತು. ನಡುವೆ ಎರಡು ಒಳ್ಳೆಯ ಮಳೆಯಾದವು. ನಾಲ್ಕನೆಯ ಸೋಮವಾರ ಹೋಗಿ ನೋಡಿದರೆ ನಾವು ಕಿತ್ತ ನೆಲದ ತುಂಬ ಹೊಸ ತಗಚಿ. ಮೊದಲು ಒಂದು ಇದ್ದಲ್ಲಿ ಈಗ ಹತ್ತು, ಎರಡೆರಡು ಎಲೆ ಬಿಚ್ಚಿಕೊಂಡು, ಯಾರೋ ಮುದ್ದಾಂ, ಬೇಕೆಂದೇ ಬಿತ್ತಿದ ಹಾಗೆ. ಗಂಡಸರು ನೋಡಿದರು, ಸೊಂಟದ ಮೇಲೆ ಕೈ ಇಟ್ಟರು, ತಿರುಗಿ ಕಟ್ಟೆಗೆ ಹೋದರು. ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯದೆ, ಎದುರಿಗಿದ್ದ ಅಕ್ಕನ ಮೇಲೆ ಹಾಕಿದೆ. ಎಲ್ಲರೂ ಬೇರು ಕಿತ್ತರೂ ಒಂದು ಪಟ್ಟಿಯಲ್ಲಿ ಬೇರು ಬಿಟ್ಟಿದ್ದರಿಂದಲೇ ಪೀಡೆ ಉಳಿಯಿತೆಂದು ಕೂಗಾಡಿದೆ.

"ನಿಮ್ಮ ವ್ರತಾ ಉಳೀಲಿ, ನನ್ನ ಆಕಳ ಸಾಯ್ಲಿ. ಅಷ್ಟ ಅಲ್ರಿ ಅಕ್ಕಾರ?"

ಅವರು ನನ್ನ ಮುಖ ನೋಡಿದರು. ಕುಡಗೋಲು ಎತ್ತಿಕೊಂಡು ಮತ್ತೆ ಬಗ್ಗಿದರು. ಆ ಮಾತು ನೆನಪಾದರೆ ಇಂದಿಗೂ ನನ್ನ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನ್ನಿಸುತ್ತದೆ.

ಆಮೇಲೆ ನಾನೊಬ್ಬಳೇ ಎರಡು ಸೋಮವಾರ ಹೋದೆ, ಹಟಕ್ಕೆ. ಶ್ರಾವಣ ಮುಗಿಯುತ್ತ ಬಂದಿತ್ತು. ಎರಡನೆಯ ಸೋಮವಾರ ಆಕಳನ್ನು ಜೊತೆಗೆ ಕರೆದುಕೊಂಡು ಹೋಗಿ ಹಗ್ಗ ಬಿಚ್ಚಿ ಬಿಟ್ಟೆ. ಅದು ನನ್ನ ಪಟ್ಟಿಯನ್ನು ದಾಟಿತು, ಆಚೆಯ ಗೌಡರ ಪಟ್ಟಿಯನ್ನೂ ಮೂಸಿ ಬಿಟ್ಟಿತು. ತಿರುಗಿ ಬಂದು ಅಕ್ಕನ ಪಟ್ಟಿಯಲ್ಲಿ ನಿಂತು ಬಾಯಿ ಕೆಳಗೆ ಹಾಕಿದ್ದು ಮತ್ತೆ ಎತ್ತಲೇ ಇಲ್ಲ. ನಾನು ಹತ್ತಿರ ಹೋಗಿ ಮೊಣಕಾಲೂರಿ ಕೂತು ನೋಡಿದೆ. ಕೊಯ್ದ ತಗಚಿಯ ಬುಡಗಳು ಅಲ್ಲಲ್ಲೇ ಸಣ್ಣ ಚಿಗುರು ಹೊಡೆದು ಬಡವಾಗಿ ನಿಂತಿದ್ದವು. ಅವುಗಳ ನಡುವೆ ಬಿಸಿಲು ಬಿದ್ದ ಕಡೆಯಲ್ಲೆಲ್ಲ ಕರಿಕೆ ಹುಲ್ಲು ಹಬ್ಬಿಕೊಂಡಿತ್ತು. ಹೊಸ ತಗಚಿ ಒಂದೂ ಇರಲಿಲ್ಲವೆನ್ನಬಹುದು. ನನ್ನ ಪಟ್ಟಿಗೆ ಬಂದು ಮಣ್ಣು ಕೆದರಿ ನೋಡಿದೆ. ನಾವು ಬೇರು ಎಳೆದಾಗಲೆಲ್ಲ ಅಡಿಯ ಮಣ್ಣು ಮೇಲೆ ಬಂದು, ಯಾವ ಕಾಲದಿಂದಲೋ ಮಲಗಿದ್ದ ಬೀಜಕ್ಕೆ ಬೆಳಕು ತೋರಿಸಿತ್ತು. ತಗಚಿಯ ಬೇರಿನ ಜೊತೆ ಇದ್ದಷ್ಟು ಹುಲ್ಲಿನ ಬೇರನ್ನೂ ನಾವೇ ಕಿತ್ತು ಗುಡ್ಡೆ ಹಾಕಿದ್ದೆವು. ಇಷ್ಟು ದಿನ ನಾವು ಮಾಡಿದ್ದು ತಗಚಿಯ ಬಿತ್ತನೆ.

ಅಕ್ಕನ ಮನೆಯ ಹೊಸ್ತಿಲಿಗೆ ಹೋಗಲು ನನಗೆ ಎರಡು ದಿನ ಹಿಡಿಯಿತು. ಹೋಗಿ, "ಅಕ್ಕಾರ, ನನ್ನ ನಾಲಿಗಿ ಭಾಳ ಉದ್ದ ಐತ್ರಿ" ಎಂದೆ.

"ಅಗ ಬಾಯಿ" ಎಂದು ಮರಾಠಿಯಲ್ಲಿ ಕರೆದು, "ನಾಲಿಗಿ ಇರ್ಲಿ, ನಿನ್ನ ಕುಡಗೋಲ ಎಲ್ಲೈತಿ?" ಎಂದರು. ನಾನು ಕಂಡದ್ದನ್ನು ಹೇಳಿದಾಗ ಅವರಿಗೂ ಆಶ್ಚರ್ಯ. "ನನಗೇನ ಗೊತ್ತಿತ್ತು? ನಾ ವ್ರತಕ್ಕಂತ ಮಾಡಿದ್ದು" ಎಂದುಬಿಟ್ಟರು. ಅವರ ಜಾಗದಲ್ಲಿ ನಾನಿದ್ದರೆ ಮೊದಲೇ ಗೊತ್ತಿತ್ತು ಎಂದು ಹೇಳಿ ಮೆರೆಯುತ್ತಿದ್ದೆ.

ಗೌಡರನ್ನು ಕರೆದುಕೊಂಡು ಹೋಗಿ ಎರಡೂ ಪಟ್ಟಿ ತೋರಿಸಿದೆವು. ಅವರು ಒಪ್ಪಲಿಲ್ಲ, ಆದರೆ ಮುಂದಿನ ಸೋಮವಾರ ಅವರ ಮನೆಯಿಂದ ಒಬ್ಬ ಆಳು ಕುಡಗೋಲು ಹಿಡಿದು ಬಂದ. ಗೌಡರ ಆಳು ಬಂದ ಮೇಲೆ ಊರು ಬಂತು. ಹೂ ಬಿಟ್ಟಿದ್ದ ತಗಚಿಯನ್ನು ಕಾಯಿ ಕಟ್ಟುವ ಮೊದಲು ಬುಡಕ್ಕೆ ಕೊಯ್ದೆವು. ಅಷ್ಟರಲ್ಲಿ ಅರ್ಧ ಗಾಯರಾಣದಲ್ಲಿ ಕಾಯಿ ಬಲಿತು ಹೋಗಿತ್ತು. ಒಂದು ಮಳೆಗಾಲ ಹೀಗೆ ಕೈಬಿಟ್ಟಿತು.

ಎರಡನೆಯ ವರ್ಷ ಮೊದಲ ಮಳೆಯಿಂದಲೇ ಕುಡಗೋಲು ಹಿಡಿದೆವು. ಆದರೆ ಕೊಯ್ಯುವುದೊಂದೇ ಸಾಲದು ಎಂದು ಅಷ್ಟೊತ್ತಿಗೆ ನನಗೆ ತಿಳಿದಿತ್ತು. ತಗಚಿ ಬಿಟ್ಟ ಜಾಗಕ್ಕೆ ಹುಲ್ಲು ಬರಬೇಕು. ಹುಲ್ಲು ಬರಬೇಕಾದರೆ ಅದು ತೆನೆ ಬಿಟ್ಟು ಬೀಜ ಉದುರಿಸುವ ತನಕ ದನ ಒಳಗೆ ಬರಬಾರದು. ಎಂದರೆ ಮಹಾನವಮಿ ಮುಗಿಯುವ ತನಕ. ನಾನು ಇದನ್ನು ಹೇಳಿದಾಗ ಗೌಡರು ನನ್ನನ್ನೇ ಕೇಳಿದರು:

"ಹೊಲಾ ಇದ್ದವ್ರ ಮನಿಯಾಗ ಕಣಿಕಿ ಐತಿ, ಹಾಕ್ತಾರ. ನಿನ್ನ ಆಕಳಕ್ಕ ನೀ ಏನ ಹಾಕ್ತಿ? ನಿಂದೊಂದ ಒಳಗ ಬಂದ್ರ ಊರ ದನಾ ಎಲ್ಲಾ ಬರ್ತಾವ."

"ನಂದು ಬರಂಗಿಲ್ರಿ" ಎಂದುಬಿಟ್ಟೆ.

ಹೊಲವಿಲ್ಲದ ಮನೆಗಳು ನಮ್ಮದಲ್ಲದೆ ಇನ್ನೂ ಮೂರಿದ್ದವು. ಅವರು ಬದುವಿನ ಹುಲ್ಲು ಕೊಯ್ದು ಹೇಗೋ ನೂಕುತ್ತೇವೆ ಎಂದರು. ನಾನು ದಿನವೆಲ್ಲ ಕೂಲಿಗೆ ಹೋಗುವವಳು, ಬದು ಸುತ್ತಲು ಅತ್ತೆಗೆ ಕಾಲಲ್ಲಿ ಬಲವಿಲ್ಲ. ಅಕ್ಕ ತಮ್ಮ ಬಣವೆಯಿಂದ ಜೋಳದ ಕಣಿಕೆ ಕೊಡುತ್ತೇನೆ ಎಂದು ತಾವಾಗಿ ಹೇಳಿಕಳಿಸಿದರು. ನಾನು ಬೇಡವೆಂದೆ. ಊರವರ ದನವನ್ನು ಹೊರಗೆ ಹಾಕಿ ತನ್ನದನ್ನು ಸಾಹುಕಾರರ ಬಣವೆಗೆ ಕಟ್ಟಿದಳು ಎಂದು ಯಾರಾದರೂ ಅಂದಾರು ಎಂಬ ಬಿಗುಮಾನ. ಆಕಳು ಗಬ್ಬವಾಗಿತ್ತು, ಹಾಲು ಬತ್ತಿತ್ತು. ಕೌಜಲಗಿಗೆ ಹೊಡೆದುಕೊಂಡು ಹೋಗಿ ಅಣ್ಣನ ಮನೆಯಲ್ಲಿ ಬಿಟ್ಟು ಬರುವುದು, ಮಹಾನವಮಿಯ ಮೇಲೆ ಕರುವಿನ ಸಮೇತ ಕರೆತರುವುದು ಎಂದು ನಿಶ್ಚಯಿಸಿದೆ.

ಅತ್ತೆ ಬಾಗಿಲಿಗೆ ಅಡ್ಡ ಕೂತರು. "ಆಕಳ ಸಲುವಾಗಿ ಗಾಯರಾಣ ಬೇಕಂದಿ. ಈಗ ಗಾಯರಾಣದ ಸಲುವಾಗಿ ಆಕಳಾನ ಮನಿ ಬಿಡಸ್ತಿ. ನಿನ್ನ ಬುದ್ಧಿ ನನಗ ತಿಳೀವಲ್ದ ಯವ್ವಾ!"

"ಮೂರ ತಿಂಗಳ ಅತ್ತಿ. ಆಮ್ಯಾಲೆ ಹತ್ತ ವರ್ಷ ಚಿಂತಿ ಇಲ್ಲ."

ದಾರಿ ಎರಡು ದಿನದ್ದು, ಗೋಕಾವಿ ದಾಟಿ ಹೋಗಬೇಕು. ಆಕಳು ಹುಟ್ಟಿದ ಮನೆಯ ಅಂಗಳ ಹೊಕ್ಕಾಗ ಗುರುತು ಹಿಡಿದು ಕಿವಿ ಎತ್ತಿತು. ನಾನು ಹೊರಟಾಗ ಮಾತ್ರ ಹಗ್ಗ ಜಗ್ಗಿ ಜಗ್ಗಿ ಕೂಗಿತು. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ಬಿಚ್ಚಿಕೊಂಡು ಬಂದುಬಿಡುತ್ತಿದ್ದೆ.

ಆ ಮಳೆಗಾಲ ಒಂದು ಸೋಮವಾರವನ್ನೂ ನಾನು ತಪ್ಪಿಸಲಿಲ್ಲ. ಜ್ವರ ಬಂದಾಗ ತಲೆಗೆ ಬಟ್ಟೆ ಕಟ್ಟಿಕೊಂಡು ಹೋದೆ. ಅಕ್ಕ ಒಂದು ಸಾಲು, ನಾನೊಂದು ಸಾಲು. ಚಾವಡಿಯಲ್ಲಿ ಪಾಪದ ಮಾತಾಡಿದ ಮುದುಕರು ಕೂಡ ಬಂದು, ಕೊಯ್ಯಲಾಗದಿದ್ದರೂ, ಒಳಗೆ ನುಗ್ಗುವ ಮೇಕೆಗಳನ್ನು ಬಡಿಗೆಯಿಂದ ಹೆದರಿಸುತ್ತ ಕೂತರು. ತಗಚಿ ಪೂರ್ತಿ ಹೋಗಲಿಲ್ಲ, ಅದು ಹೋಗುವ ಜಾತಿಯೇ ಅಲ್ಲ. ಆದರೆ ಭಾದ್ರಪದದ ಕೊನೆಗೆ ಹುಲ್ಲು ಅದರ ತಲೆಯ ಮೇಲೆ ಹೋಯಿತು. ಗಾಳಿ ಬೀಸಿದಾಗ ಗಾಯರಾಣ ಎಷ್ಟೋ ವರ್ಷದ ಮೇಲೆ ಅಲುಗಾಡಿತು.

ಮಹಾನವಮಿಯ ಮಾರನೆಯ ದಿನ ಗೌಡರು ನಾಲ್ಕು ಜನರ ಜೊತೆ ಬಂದು ಈ ತುದಿಯಿಂದ ಆ ತುದಿಗೆ ನಡೆದರು. ದಿಬ್ಬದ ಹತ್ತಿರ ಕೂತು ಒಂದು ಹುಲ್ಲುಕಡ್ಡಿ ಎಳೆದು ಅಗಿದು ನೋಡಿದರು. "ನೇಗಿಲ ಬ್ಯಾಡ" ಎಂದರು, ಅಷ್ಟೇ. ಬರುವ ಸೋಮವಾರ ದನ ಬಿಡುವುದೆಂದು ಗೊತ್ತಾಯಿತು. ನಾನು ಮನೆಗೆ ಓಡಿ, ರೊಟ್ಟಿ ಕಟ್ಟಿಕೊಂಡು, ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ಕೌಜಲಗಿಯ ದಾರಿ ಹಿಡಿದೆ. ದಾರಿಯುದ್ದಕ್ಕೂ ಕರು ಯಾವ ಬಣ್ಣದ್ದಿರಬಹುದು ಎಂದು ಯೋಚಿಸಿದ್ದೇ ಯೋಚಿಸಿದ್ದು.

ಅಣ್ಣ ಅಂಗಳದಲ್ಲಿ ನಿಂತಿದ್ದ. ನನ್ನನ್ನು ಕಂಡವನೇ ಒಳಗೆ ಹೋದ. ಅತ್ತಿಗೆ ನೀರು ತಂದುಕೊಟ್ಟು, ನನ್ನ ಹೆಗಲ ಮೇಲಿನ ಹಗ್ಗ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಊರಿಗೆ ದನಗಳ ದೊಡ್ಡರೋಗ ಬಂದಿತ್ತು. ಅಣ್ಣನ ಕೊಟ್ಟಿಗೆಯಲ್ಲಿ ಐದಕ್ಕೆ ಐದೂ ಹೋಗಿದ್ದವು, ಅವನ ಎತ್ತುಗಳೂ ಸೇರಿ. ನನ್ನದು ಕೊನೆಗೆ ಹೋದದ್ದಂತೆ, ಕರು ಹೊಟ್ಟೆಯಲ್ಲಿದ್ದ ಹಾಗೆಯೇ. "ನಿನಗ ಹೇಳಿ ಕಳಸಾಕ ನನಗ ಬಾಯಿ ಬರಲಿಲ್ಲ ತಂಗಿ" ಎಂದು ಅಣ್ಣ ಒಳಗಿನಿಂದಲೇ ಹೇಳಿದ. ಅವನನ್ನು ಏನೆಂದು ಬಯ್ಯಲಿ? ಅಕ್ಕನ ಕಣಿಕೆಯನ್ನು ಬೇಡವೆಂದವಳು ನಾನು. ನನ್ನ ಬಿಗುಮಾನವೇ ಅದನ್ನು ಕೊಂದಿತು ಎಂದು ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ತಿರುಗಿ ಬರುವಾಗ ಗೋಕಾವಿಯ ಹೊರಗೆ ಒಂದು ಬೇವಿನ ಮರದ ಕೆಳಗೆ ಕೂತು, ಹೋಗಿ ಬರುವವರು ನೋಡುತ್ತಿದ್ದರೂ ಲೆಕ್ಕಿಸದೆ, ಬಾಯಿ ಬಿಟ್ಟು ಅತ್ತೆ. ನನ್ನ ಅವ್ವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಊರಿನ ದನವೆಲ್ಲ ಗಾಯರಾಣದ ಅಂಚಿಗೆ ಬಂದು ನಿಂತಿದ್ದವು. ಎಲ್ಲಕ್ಕಿಂತ ಮುಂದೆ ಗೌಡರ ಎತ್ತಿನ ಜೋಡಿ, ಹಗ್ಗ ಅವರ ಕೈಯಲ್ಲೇ. ನಾನು ಕುಡಗೋಲು ಹಿಡಿದು ಹೋದೆ. ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು, ಯಾರೂ ನನ್ನ ಕಣ್ಣು ನೋಡಲಿಲ್ಲ. ಚಾವಡಿಯ ಆ ಮುದುಕರೊಬ್ಬರೇ ಹತ್ತಿರ ಬಂದು, ಮರುಕದಿಂದಲೇ, "ಇನ್ನ ನೀ ಯಾಕ ಬರ್ತಿ ಯವ್ವಾ? ಕುಡಗೋಲ ಇಟ್ಟ ಮನ್ಯಾಗ ಇರು. ನಿನ್ನ ದನಾ ಎಲ್ಲೈತಿ ಈಗ?" ಎಂದರು.

ನಾನು ದಿಬ್ಬದ ಪಕ್ಕದ ನನ್ನ ಪಟ್ಟಿಗೆ ಹೋಗಿ ನಡುವೆ ನಿಂತೆ. ಹುಲ್ಲು ಸೊಂಟದ ತನಕ ಬರುತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಬರೂ ಮಳಿಗಾಲಕ್ಕ ನಾ ಇನ್ನೊಂದ ಆಕಳ ತರ್ತೇನಿ. ಅಲ್ಲೀತನಕ ಈ ಪಟ್ಟಿ ಅದರದು. ಇದರಾಗ ಯಾರ ದನಾನೂ ಬಾಯಿ ಹಾಕಬಾರ್ದು."

ಗಾಯರಾಣದಲ್ಲಿ ಯಾರಿಗೂ ಸ್ವಂತ ಪಾಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕಾಗಿಯೇ ಎರಡು ವರ್ಷ ಹೊಡೆದಾಡಿದವಳು ನಾನೇ. ಈ ಮಾತು ಬೇರೆ ಯಾರಾದರೂ ಆಡಿದ್ದರೆ ಅವರ ಮೈಮೇಲೆ ಬೀಳುತ್ತಿದ್ದೆ. ಜನ ಗೌಡರ ಮುಖ ನೋಡಿದರು. ಗೌಡರು ನನ್ನನ್ನು ನೋಡಿದರು, ನನ್ನ ಕೈಯ ಕುಡಗೋಲು ನೋಡಿದರು. ಆಮೇಲೆ ಎತ್ತುಗಳ ಹಗ್ಗ ಬಲಕ್ಕೆ ಎಳೆದು, ನನ್ನ ಪಟ್ಟಿಯ ಒಂದು ಹುಲ್ಲೂ ಮುಟ್ಟದಂತೆ ಸುತ್ತು ಬಳಸಿ, ದಿಬ್ಬದ ಆಚೆ ಹೊಡೆದುಕೊಂಡು ಹೋದರು. ಊರಿನ ದನವೆಲ್ಲ ಅವರ ಹಿಂದೆ ಅದೇ ದಾರಿಯಲ್ಲಿ ಹೋದವು.